ದುಗ್ಗಮ್ಮನ ಬುಟ್ಟಿ, ಪಟೇಲರ ಮೊಳೆ

ನೇರಲಕೊಪ್ಪದ ದುಗ್ಗಮ್ಮನಿಗೆ ಮನುಷ್ಯಜಾತಿಯ ಮೇಲೆ ಅಂಥ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ಹುಂಚದ ಬಸ್ಸಿನ ಡ್ರೈವರನಿಂದ ಹಿಡಿದು ಆ ಬಸ್ಸಿನಲ್ಲಿ ಬರುವ ಯಾತ್ರಿಕರ ತನಕ ಎಲ್ಲರನ್ನೂ ಅವಳು ಒಂದು ನೋಟದಲ್ಲೇ ಅಳೆದು ಆಚೆ ಇಟ್ಟುಬಿಡುತ್ತಿದ್ದಳು. ಆದರೆ ತಾತ್ಸಾರದಲ್ಲೂ ಮೇಲು ಕೀಳು ಉಂಟಲ್ಲ. ಅವಳ ತಾತ್ಸಾರದಲ್ಲಿ ಮೊದಲ ಮಣೆ ಪಟೇಲ ಸೀತಾರಾಮಪ್ಪನಿಗೆ, ಎರಡನೆಯ ಮಣೆ ಸ್ವಂತ ಗಂಡ ಹುಲಿಯಪ್ಪನಿಗೆ. ಉಳಿದವರೆಲ್ಲ ನೆಲದ ಮೇಲೆ ಕೂರಬೇಕಿತ್ತು.

ಪಟೇಲನ ಅಜ್ಜ ಗದರಿದರೆ ಗದ್ದೆಯಲ್ಲಿ ಎತ್ತು ನಿಲ್ಲುತ್ತಿತ್ತಂತೆ. ಇವನು ಗದರಿದರೆ ಹೆಂಡತಿ ಯಮುನಮ್ಮನೂ ತಿರುಗಿ ನೋಡುತ್ತಿರಲಿಲ್ಲ. ನೇಗಿಲು ಹಿಡಿದವನಲ್ಲ, ಕತ್ತಿ ಹಿಡಿದವನಲ್ಲ. ಹಿಡಿಯಲು ಗೊತ್ತಿದ್ದದ್ದು ಎಲೆಯಡಿಕೆ ತಟ್ಟೆಯೊಂದೇ. ಅದನ್ನು ಮುಂದಿಟ್ಟುಕೊಂಡು, ಸಿಕ್ಕವರನ್ನು ಕೂರಿಸಿಕೊಂಡು, ಮನೆತನದ ಬಡಾಯಿ ಕೊಚ್ಚುವುದೇ ಅವನ ಕಸುಬು. ಇಂಥವನ ಗದ್ದೆಯನ್ನು ಗೇಣಿಗೆ ಉಳಬೇಕಾಗಿ ಬಂದದ್ದು ತನ್ನ ಹಣೆಬರಹ ಎಂದು ದುಗ್ಗಮ್ಮ ಬಾಯಿಬಿಟ್ಟೇ ಹೇಳುತ್ತಿದ್ದಳು. ಮದುವೆಯಾಗಿ ಬಂದ ಮೂವತ್ತು ವರ್ಷದಿಂದ ಅವಳು ಅವನ ಕೋಡುಗದ್ದೆಯಲ್ಲಿ ಬತ್ತದ ನೆಟ್ಟಿ ನೆಟ್ಟಿದ್ದಳು. ಅವಳಿಗಿಂತ ಮುಂಚೆ ಅತ್ತೆ ಕನ್ನಮ್ಮ, ಅತ್ತೆಗಿಂತ ಮುಂಚೆ ಅತ್ತೆಯ ಅತ್ತೆ.

ಗಂಡನ ಮೇಲಿನ ತಾತ್ಸಾರಕ್ಕೆ ಕಾರಣವಾದದ್ದು ಒಂದು ಹೆಬ್ಬೆಟ್ಟು. ಗೇಣಿ ಕಾಯಿದೆ ಬಂದಿದೆ, ಯಾರು ಉಳುತ್ತಾರೋ ಅವರ ಹೆಸರನ್ನು ಪಹಣಿಯಲ್ಲಿ ಬರೆಯುತ್ತಾರೆ, ಹೆಸರಿಲ್ಲದವರು ಗದ್ದೆ ಬಿಟ್ಟೇಳಬೇಕಾದೀತು ಎಂಬ ಸುದ್ದಿ ಊರೂರಿಗೆ ಹಬ್ಬಿದ್ದ ಕಾಲ ಅದು. ಒಂದು ದಿನ ಹುಲಿಯಪ್ಪ ಹೆಬ್ಬೆರಳಿಗೆ ನೀಲಿ ಮಸಿ ಮೆತ್ತಿಸಿಕೊಂಡು ಮನೆಗೆ ಬಂದ.

“ಎಂತದ್ದು ಅದು ಬೆರಳಿಗೆ?”

“ಒಡೇರು ಒತ್ತು ಅಂದ್ರು. ಒತ್ತಿದೆ.”

“ಅದ್ರಾಗೆ ಎಂತ ಬರ್ದಿತ್ತು?”

“ನಾವು ಎರಡು ವರ್ಸದಿಂದ ಕೂಲಿಗೆ ಬತ್ತಾ ಇದೀವಿ, ಗೇಣಿ ಗೀಣಿ ಎಂತದ್ದೂ ಇಲ್ಲ ಅಂತ. ಕೈಬಿಡಾದಿಲ್ಲ ಕಣೋ ಅಂದಾರೆ ಒಡೇರು.”

ಆಮೇಲೆ ಎಂಟು ದಿನ ದುಗ್ಗಮ್ಮ ಗಂಡನ ಜೊತೆ ಮಾತಾಡಲಿಲ್ಲ. ಊಟಕ್ಕೆ ಏಳಿ ಎಂಬುದನ್ನೂ ಅಂಗಳದ ನಾಯಿಗೆ ಹೇಳುವ ಹಾಗೆ ಹೇಳಿದಳು.

ಆ ಕಾಗದ ತಾಲೂಕು ಕಚೇರಿಗೆ ಹೋಯಿತು. ಸುಗ್ಗಿ ಮುಗಿದ ಮೇಲೆ ಅಮಲ್ದಾರರು ಸ್ವತಃ ಬಂದು ಸ್ಥಳ ನೋಡಿ ತೀರ್ಮಾನ ಬರೆಯುತ್ತಾರೆ ಎಂದು ತಿಳಿಯಿತು. ಪಟೇಲ ಹೊಸನಗರಕ್ಕೆ ಹೋಗಿ ಅಮಲ್ದಾರರು ಎಂಥವರು ಎಂದು ವಿಚಾರಿಸಿಕೊಂಡು ಬಂದ. ಕುಡಿಯುವವರಲ್ಲ, ಕೈಚಾಚುವವರಲ್ಲ, ಆದರೆ ಹಳೆಯ ಮನೆ, ಹಳೆಯ ಕಂಬ, ಹಳೆಯ ಪದ್ಧತಿ ಎಂದರೆ ಪ್ರಾಣ ಬಿಡುತ್ತಾರಂತೆ. ಪಟೇಲನಿಗೆ ಅಷ್ಟು ಸಾಕಾಯಿತು.

ಊರಿನಲ್ಲಿ ಪಟೇಲನ ಮನೆತನದ ದೊಡ್ಡಮನೆ ಎಂಬುದೊಂದು ಇತ್ತು. ಕೆಳದಿ ಅರಸರ ಕಾಲದ್ದು ಎಂದು ಪಟೇಲನೂ, ಬೀಳುವ ಕಾಲ ಬಂದದ್ದು ಎಂದು ಊರವರೂ ಹೇಳುತ್ತಿದ್ದರು. ಪಟೇಲ ರಸ್ತೆಯ ಬದಿಗೆ ಹೊಸ ಮನೆ ಕಟ್ಟಿಸಿಕೊಂಡ ಮೇಲೆ ಹನ್ನೆರಡು ವರ್ಷ ಅಲ್ಲಿ ಹುಲ್ಲು, ಮುರಿದ ಗಾಡಿಚಕ್ರ ಮತ್ತು ಬಾವಲಿಗಳಿಗೆ ಮಾತ್ರ ವಾಸ. ಈಗ ಇದ್ದಕ್ಕಿದ್ದಂತೆ ಅದು ಪುರಾತನವಾಯಿತು. ಹೊಳೆಗೆ ಕಟ್ಟುತ್ತಿರುವ ಅಣೆಕಟ್ಟಿನ ಇಂಜಿನಿಯರುಗಳು ಜೀಪಿನಲ್ಲಿ ಓಡಾಡುತ್ತಾರೆ, ಹುಂಚದ ಮಠಕ್ಕೆ ದೊಡ್ಡ ದೊಡ್ಡ ಜನ ಬರುತ್ತಾರೆ, ಈ ದಾರಿಯಲ್ಲಿ ಒಬ್ಬ ಮರ್ಯಾದಸ್ಥ ತಲೆಯಿಡಲು ಒಂದು ಬಂಗಲೆ ಇಲ್ಲ, ಆದ್ದರಿಂದ ದೊಡ್ಡಮನೆಯನ್ನು ಅತಿಥಿಗೃಹ ಮಾಡುತ್ತೇನೆ ಎಂದು ಪಟೇಲ ಸಾರಿದ. ಮೊದಲ ಅತಿಥಿ ಅಮಲ್ದಾರರು ಎಂಬುದನ್ನು ಮಾತ್ರ ಸಾರಲಿಲ್ಲ. ಅದನ್ನು ತಿಳಿಯಲು ದುಗ್ಗಮ್ಮನಿಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ತೀರ್ಥಹಳ್ಳಿಯ ಬಡಗಿ ಬಂದು ಗೆದ್ದಲು ತಿಂದ ತೊಲೆ ಬದಲಿಸಿದ. ಕೆತ್ತನೆಯ ಕಂಬಗಳಿಗೆ ಹಿಂದೊಮ್ಮೆ ಪಟೇಲನೇ ಬಳಿಸಿದ್ದ ಹಸಿರು ಬಣ್ಣವನ್ನು ಈಗ ಪಟೇಲನೇ ಕೆರೆಸಿದ. ಸಾಗರದಿಂದ ಎರಡು ಬೆತ್ತದ ಕುರ್ಚಿ, ಒಂದು ಹಾಸಿಗೆ, ಮುಖ ಸೊಟ್ಟಗೆ ಕಾಣುವ ಒಂದು ಕನ್ನಡಿ ಬಂದವು. ನೆಲ ಮತ್ತು ಗೋಡೆಯ ಕೆಲಸಕ್ಕೆ ದುಗ್ಗಮ್ಮನಿಗೆ ಬಿಟ್ಟಿ ಕರೆ ಹೋಯಿತು.

“ಹಳೇದು ಹಳೇ ಥರಾನೇ ಕಾಣ್ಬೇಕು, ತಿಳೀತಾ?” ಎಂದ ಪಟೇಲ.

“ಹನ್ನೆರಡು ವರ್ಸ ಬಾಗ್ಲು ಹಾಕಿದ್ರಿ ಒಡೆಯಾ, ಹಳೇದಾಗ್ದೆ ಎಂತ ಆಗ್ತದೆ,” ಎಂದು ದುಗ್ಗಮ್ಮ ಮಣ್ಣು ಕಲಸತೊಡಗಿದಳು.

ಕೆಲಸ ಮಾತ್ರ ಚೊಕ್ಕವಾಗಿ ಮಾಡಿದಳು. ಪಟೇಲನ ಮೇಲಿನ ಸಿಟ್ಟನ್ನು ಗೋಡೆಯ ಮೇಲೆ ತೀರಿಸಿಕೊಳ್ಳುವಷ್ಟು ಸಣ್ಣವಳಲ್ಲ ಅವಳು. ನೆಲವನ್ನು ಬಡಿದು, ಸಾರಿಸಿ, ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ ಕಪ್ಪಗೆ ಹೊಳೆಯುವಂತೆ ಮಾಡಿದಳು. ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚ ಹಿಡಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರದ ಗೆರೆ ಎಳೆದಳು. ಪಟೇಲ ಹಿಂದೆ ನಿಂತು, ಗೆರೆ ಎಳೆಯುವುದು ತಾನೇ ಎಂಬಂತೆ ತಲೆಯಾಡಿಸುತ್ತಿದ್ದ. ಅವನ ಉಸಿರು ಬೆನ್ನಿಗೆ ತಾಗಿದಾಗಲೆಲ್ಲ ಅವಳಿಗೆ ಮೈಯೆಲ್ಲ ಹೇಸಿಗೆಯಾಗುತ್ತಿತ್ತು.

ಎಲ್ಲ ಮುಗಿದ ಮೇಲೆ ಒಳಜಗಲಿಯ ಗೋಡೆ ಬೋಳಾಗಿ ಕಾಣುತ್ತದೆ ಎಂದು ಪಟೇಲನಿಗೆ ಅನಿಸಿತು.

“ನಿಮ್ಮನೇಲಿ ಭೂಮಿ ಹುಣ್ಣಿಮೆ ಬುಟ್ಟಿ ಐತಲ್ಲ, ನಿಮ್ಮತ್ತೆ ಕಾಲದ್ದು, ಅದನ್ನ ತಗಂಡ್ ಬಾ. ಇಲ್ಲಿ ನೇತುಹಾಕಾಣ.”

ದುಗ್ಗಮ್ಮ ಕುಂಚ ಕೆಳಗಿಟ್ಟಳು. ಬತ್ತ ಹೊಡೆಗೆ ಬರುವ ಹೊತ್ತಿಗೆ ಬರುವ ಹುಣ್ಣಿಮೆ ಅದು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ತುಂಬಿ, ಬೆಳಕು ಹರಿಯುವ ಮುಂಚೆ ಗದ್ದೆಗೆ ಹೊರಬೇಕು. ಗದ್ದೆ ಉಳುವವರ ಮನೆಯ ಹೆಂಗಸಲ್ಲದೆ ಬೇರೆ ಯಾರೂ ಅದನ್ನು ಹೊರುವ ಹಾಗಿಲ್ಲ.

“ಅದು ಗದ್ದೆಗೆ ಹೊರಾದು ಒಡೆಯಾ. ಗ್ವಾಡೆಗೆ ಹಾಕಾದಲ್ಲ.”

“ನಂಗೇ ಹೇಳಕ್ ಬತ್ತೀಯಾ? ಹುಣ್ಣಿಮೆ ಹೊತ್ಗೆ ವಾಪಸ್ ತಗಂಡ್ ಹೋಗು ಮಾರಾಯ್ತಿ.”

ತಂದಳು. ಗೋಡೆಗೆ ಮೊಳೆ ಹೊಡೆಯುವ ಕೆಲಸವನ್ನು ಪಟೇಲ ತಾನೇ ಮಾಡಿದ. ಇಡೀ ರಿಪೇರಿಯಲ್ಲಿ ಅವನು ಕೈಯಾರೆ ಮಾಡಿದ ಕೆಲಸ ಅದೊಂದೇ. ಮೂರು ಸಲ ಬೆರಳಿಗೆ ಹೊಡೆದುಕೊಂಡು ನಾಲ್ಕನೆಯ ಸಲ ಮೊಳೆಗೆ ಹೊಡೆದ. ಬಸುರಿಯ ಬಯಕೆಯನ್ನು ಶೋಕಿಗೆ ನೇತುಹಾಕಿದ ಈ ಮನುಷ್ಯನಿಗೆ ತನ್ನ ತಾತ್ಸಾರ ಕೂಡ ದುಬಾರಿಯಾಯಿತು ಎಂದುಕೊಂಡು ದುಗ್ಗಮ್ಮ ಹೊರಗೆ ಬಂದಳು.

ಅಮಲ್ದಾರರು ಬಂದದ್ದು ಒಂದು ಮಧ್ಯಾಹ್ನ. ಜೀಪಿನ ಸದ್ದು ಕೇಳಿದ ಕೂಡಲೇ ಹುಲಿಯಪ್ಪ ಕತ್ತಿ ಎತ್ತಿಕೊಂಡು, ಸೊಪ್ಪು ಕಡಿಯುವ ನೆವ ಹೇಳಿ ಬೆಟ್ಟ ಹತ್ತಿದ. ಬಿಸಿನೀರಿನ ಒಲೆ ನೋಡಿಕೊಳ್ಳಲು ಬಂದಿದ್ದ ದುಗ್ಗಮ್ಮ ಅಂಗಳದ ಬಾಗಿಲಲ್ಲಿ ನಿಂತಳು. ಜೀಪಿನಿಂದ ಇಳಿದವರು ಸಣಕಲು ಮನುಷ್ಯ, ಮೂಗಿನ ತುದಿಗೆ ಕನ್ನಡಕ, ಸೊಂಟ ಹಿಡಿದುಕೊಂಡು ನಡಿಗೆ. ಇವರಿಂದ ಏನಾದೀತು ಎಂದು ಅವಳು ಅವರನ್ನೂ ಆಚೆ ಇಟ್ಟಳು.

ಪಟೇಲ ಕಂಬ ತೋರಿಸಿದ, ಬಾಗಿಲುವಾಡ ತೋರಿಸಿದ, ಅಜ್ಜ ಕೂರುತ್ತಿದ್ದ ಜಾಗ ತೋರಿಸಿದ. ಅಮಲ್ದಾರರು ಕಂಬವನ್ನು ಕೈಯಲ್ಲಿ ಸವರಿ ನೋಡಿದರು, ನೆಲದ ಹೊಳಪಿಗೆ ಬಗ್ಗಿ ನೋಡಿದರು. ಅವರು ಬಗ್ಗಿದಷ್ಟೂ ಪಟೇಲ ಉಬ್ಬಿದ. ಕೊನೆಗೆ ಅವರು ಬುಟ್ಟಿಯ ಮುಂದೆ ನಿಂತರು.

“ಇದೇನು ಪಟೇಲರೆ?”

“ಭೂಮಿ ಹುಣ್ಣಿಮೆ ಬುಟ್ಟಿ ಸ್ವಾಮಿ! ಎದುರಿಗೆ ಕಾಣುತ್ತಲ್ಲ ಕೋಡುಗದ್ದೆ, ನಮ್ಮಜ್ಜನ ಕಾಲದಿಂದ ಅಲ್ಲಿಗೆ ಪೂಜೆ ಹೋಗೋದು ಇದರಲ್ಲೇ. ಕಂಡಕಂಡವರು ಮುಟ್ಟೋ ಹಾಗಿಲ್ಲ. ಗದ್ದೆ ಯಾರು ಉಳ್ತಾರೋ ಆ ಒಕ್ಕಲಿನ ಹೆಂಗಸೇ ಹೊರಬೇಕು. ಒಂದೇ ಒಕ್ಕಲು ಸ್ವಾಮಿ, ಮೂರು ತಲೆಮಾರಿನಿಂದ! ಇಂಥ ಮನೆತನ ಈ ಸೀಮೆಯಲ್ಲಿ ಇನ್ನೊಂದು ತೋರಿಸಿ.”

“ಆ ಒಕ್ಕಲು ಈಗಲೂ ಇದ್ದಾರೋ?”

“ಇಗೋ, ಇವಳೇ. ದುಗ್ಗಮ್ಮ. ಮೊದಲು ಇವಳತ್ತೆ ಕನ್ನಮ್ಮ ಹೊರುತ್ತಿದ್ದಳು. ಅದಕ್ಕೂ ಮೊದಲು ಕನ್ನಮ್ಮನ ಅತ್ತೆ.”

ಅಮಲ್ದಾರರು ಬೆತ್ತದ ಕುರ್ಚಿಯ ಮೇಲೆ ಕೂತು, ಚೀಲದಿಂದ ಒಂದು ಕಾಗದ ತೆಗೆದು, ಕನ್ನಡಕ ಮೇಲೇರಿಸಿ ಓದಿದರು. “ಕೋಡುಗದ್ದೆ. ಎರಡು ವರ್ಷದಿಂದ ಈಚೆಗೆ ಬಂದ ಕೂಲಿಯವರು. ಹಿಂದೆ ಗೇಣಿಗೆ ಯಾರೂ ಉಳುತ್ತಿರಲಿಲ್ಲ. ಇದು ನಿಮ್ಮದೇ ರುಜುವಲ್ಲವೇ?”

ಪಟೇಲನ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. “ಅದು... ಮನೆಯ ಚರಿತ್ರೆ ಹೇಳುವಾಗ ಸ್ವಲ್ಪ ಉಪ್ಪು ಖಾರ ಬೇಕಲ್ಲ ಸ್ವಾಮಿ,” ಎಂದು ನಗಲು ನೋಡಿದ. ಆಮೇಲೆ ದುಗ್ಗಮ್ಮನ ಕಡೆ ತಿರುಗಿ ಕಣ್ಣು ಬಿಟ್ಟ. “ಹೇಳೇ. ನೀವು ಬಂದು ಎರಡೇ ವರ್ಸ ಆತಲ್ಲ? ಹೇಳು ಸಾಹೇಬ್ರಿಗೆ!”

ಹೂಂ ಎಂದರೆ ಗದ್ದೆ ಹೋಗುತ್ತದೆ. ಊಹೂಂ ಎಂದರೆ ನಾಳೆ ಇವನು ಏನು ಮಾಡುತ್ತಾನೋ ಗೊತ್ತಿಲ್ಲ. ಆದರೂ ಪಟೇಲನ ಬೆವೆತ ಮುಖ ನೋಡಿದಾಗ ದುಗ್ಗಮ್ಮನಿಗೆ ಹೆದರಿಕೆ ಬರಲಿಲ್ಲ. ಒಂದು ಬಡಾಯಿಗೆ ಬಾಯಿ ಮುಚ್ಚಿಕೊಳ್ಳಲಾರದೆ ಹೋದನಲ್ಲ, ಎಂಥ ಅಗ್ಗದ ಮನುಷ್ಯ ಎಂದು ಅಸಹ್ಯವಾಯಿತು.

“ಒಡೇರು ಮನೆತನಸ್ಥರು ಸಾಮಿ, ಸುಳ್ಳು ಹೇಳಾದಿಲ್ಲ. ಈಗ ಬಾಯಾಗೆ ಹೇಳಿದ್ರಲ್ಲ, ಅಷ್ಟೂ ದಿಟ.”

“ಹಾಗಾದರೆ ಈ ಹೆಬ್ಬೆಟ್ಟು?”

“ನಮ್ಮನೆಯವ್ರದ್ದು. ಒಡೇರು ಒತ್ತು ಅಂದ್ರು, ಒತ್ತಿದ್ರು. ಬಾವಿಗೆ ಹಾರು ಅಂದಿದ್ರೆ ಹಾರ್ತಿದ್ರು. ಅವ್ರು ಅಂಥಾ ಮನ್ಸರು.”

ಅಮಲ್ದಾರರು ಪೆನ್ನು ತೆಗೆದು ಹೊಸ ಹಾಳೆ ತೊಡೆಯ ಮೇಲಿಟ್ಟುಕೊಂಡರು. “ಉಳುವವನ ಹೆಸರು ಹೇಳಮ್ಮ.”

ದುಗ್ಗಮ್ಮ ಸೆರಗು ಸರಿಮಾಡಿಕೊಂಡಳು. ಬಾಯಿಬಡುಕಿ ಎಂದು ಊರೇ ಕರೆದರೂ ಗಂಡನ ಹೆಸರನ್ನು ಅವಳು ಒಂದು ದಿನವೂ ನಾಲಗೆಗೆ ತಂದವಳಲ್ಲ.

“ಗಂಡನ ಹೆಸ್ರು ನಾ ಹೇಳಂಗಿಲ್ಲ ಸಾಮಿ. ಒಡೇರೇ ಹೇಳ್ಲಿ. ನಮ್ಮನೆ ಮೂರು ತಲೆಮಾರೂ ಗೊತ್ತೈತಲ್ಲ ಅವ್ರಿಗೆ.”

ಮೂವತ್ತು ವರ್ಷ ಆ ಮನುಷ್ಯನನ್ನು “ಏಯ್” ಎಂದೂ “ಲೋ ಇವನೇ” ಎಂದೂ ಕರೆದು ಬಿಟ್ಟಿ ಮಾಡಿಸಿಕೊಂಡ ಪಟೇಲ ನೆಲ ನೋಡಿದ. ನೆಲದಲ್ಲಿ ಅವನ ಮುಖವೇ ಕಂಡಿರಬೇಕು, ತಟ್ಟನೆ ಕತ್ತು ಎತ್ತಿದ. ಪೆನ್ನು ಹಿಡಿದ ಅಮಲ್ದಾರರು ಕಾಯುತ್ತಿದ್ದರು. ದುಗ್ಗಮ್ಮನೂ ಕಾದಳು.

“ಹುಲಿಯಪ್ಪ,” ಎಂದು ಪಟೇಲ ಗಂಟಲಲ್ಲೇ ಗೊಣಗಿದ.

“ಸಾಮೇರಿಗೆ ಕೇಳ್ಲಿಲ್ಲ ಒಡೆಯಾ,” ಎಂದಳು ದುಗ್ಗಮ್ಮ. “ವಸಿ ಗಟ್ಟಿಯಾಗಿ ಹೇಳಿ.”