ಗಂಗತ್ತೆ ಹಾಡು ನಿಲ್ಲಿಸಿದ್ದು

ಮೊನ್ನೆ ಹಳೆಯ ಗಾದಿಯೊಂದರ ಹೊಲಿಗೆ ಬಿಚ್ಚಿದೆ. ಒಳಗಿನ ಹತ್ತಿ ಗಂಟುಗಟ್ಟಿ ಹೋಗಿತ್ತು. ಅದರಿಂದೆದ್ದ ಒಣ ಧೂಳಿನ ವಾಸನೆ ನನ್ನನ್ನು ನೇರ ಶಲವಡಿ ಹತ್ತಿರದ ನಮ್ಮೂರಿನ ಸರ್ಕಾರಿ ಶಾಲೆಯ ಅಂಗಳಕ್ಕೆ ಒಯ್ದು ನಿಲ್ಲಿಸಿತು. ಶಾಲೆಗೆ ಅಂಟಿಕೊಂಡೇ ಹುಸೇನಸಾಬ ಕಾಕಾನ ಮನೆ. ಆತ ಗಾದಿಗೆ ಹತ್ತಿ ಹಿಂಜುವವನು. ಮುಂಜಾನೆ ಆತನ ಹಿಂಜುವ ಬಿಲ್ಲು ಝಂಯ್‌ಗುಡಲು ಶುರುವಾದರೆ ಹತ್ತಿಯ ಎಳೆಗಳು ಗೋಡೆ ದಾಟಿ ಬಂದು, ಪ್ರಾರ್ಥನೆಗೆ ನಿಂತ ನಮ್ಮ ಎಣ್ಣೆ ತಲೆಗಳ ಮೇಲೆ ಕೂರುತ್ತಿದ್ದವು. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದಿರುವಾಗ ನಾನು ಮಾತ್ರ ಒಂದು ಕಣ್ಣು ತೆರೆದು ನೋಡುತ್ತಿದ್ದೆ. ಇವರೆಲ್ಲ ಒಳಗೊಳಗೆ ದೇವರಿಗೆ ಏನು ಹೇಳುತ್ತಿರಬಹುದು? ನನಗೆ ಅದನ್ನು ತಿಳಿಯುವ ಚಪಲ. ಒಬ್ಬನ ತುಟಿ ಆಡುತ್ತಿತ್ತು, ಇನ್ನೊಬ್ಬ ನಿಂತಲ್ಲೇ ತೂಕಡಿಸುತ್ತಿದ್ದ. ಕಾಕಾನ ಮಗಳು, ನನ್ನ ಗೆಳತಿ ರಾಜ್ಮಾ, ಕೈಗಳನ್ನು ಜೋಡಿಸಬೇಕೋ ಬಿಡಬೇಕೋ ಎಂಬಂತೆ ಎದೆಯ ಮುಂದೆ ಅರ್ಧಕ್ಕೇ ಹಿಡಿದಿರುತ್ತಿದ್ದಳು.

ಪ್ರಾರ್ಥನೆ ಹಾಡಿಸುತ್ತಿದ್ದವಳು ಅದೇ ಶಾಲೆಯ ಶಿಕ್ಷಕಿ, ನನ್ನ ಅಪ್ಪನ ತಂಗಿ ಗಂಗತ್ತೆ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದಳು. ಊರಲ್ಲಿ ಅವಳಂಥ ಕಂಠ ಇನ್ನೊಂದಿರಲಿಲ್ಲ. ಆದರೆ ಮದುವೆಮನೆಯಲ್ಲಿ ಸೋಬಾನೆಗೆ, ತೊಟ್ಟಿಲ ಶಾಸ್ತ್ರದಲ್ಲಿ ಜೋಗುಳಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಕರೆಯಬಾರದೆಂಬುದು ಹೆಂಗಸರ ಪದ್ಧತಿ, ಅದರ ಬಗ್ಗೆ ಈಗಲೂ ನನಗೆ ಸಿಟ್ಟಿದೆ. ಮನೆಯಲ್ಲಿ ಅವಳು ತಗ್ಗಿದ ದನಿಯಲ್ಲಿ ಮಾತಾಡುವ, ರೊಟ್ಟಿ ಬಡಿಯುವ ಹೆಂಗಸು. ಶಾಲೆಯ ಅಂಗಳದಲ್ಲಿ ಸರಸ್ವತಿಯ ಸ್ತುತಿ ಎತ್ತಿಕೊಂಡಳೆಂದರೆ ಮಾತ್ರ ಕತ್ತು ನೆಟ್ಟಗಾಗಿ, ಮುಖ ಅರಳಿ ಬೇರೆಯವಳೇ ಆಗಿಬಿಡುತ್ತಿದ್ದಳು. ಹಾಡಲು ಅವಳಿಗಿದ್ದ ಜಾಗ ಅದೊಂದೇ.

ಒಂದು ಸಂಜೆ ಹುಸೇನಸಾಬ ಕಾಕಾ ನಮ್ಮ ಕಟ್ಟೆಗೆ ಬಂದು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಅತ್ತೆ ಚಹಾ ಕೊಟ್ಟಳು. ಬಹಳ ಹೊತ್ತು ಮಳೆಯ ಮಾತು, ಕಡಲೆಯ ಮಾತು. ಆಮೇಲೆ ಮೆಲ್ಲಗೆ ಹೇಳಿದ: “ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಮನ್ಯಾಗ ಒಂದು, ಸಾಲ್ಯಾಗ ಒಂದು, ಯಾವ್ದು ಖರೇ ಅಂತ ಕೇಳಿ ಹುಡುಗಿ ಅಳತಾಳ್ರಿ. ಕೈ ಮುಗೀದೇ ಸುಮ್ನ ನಿಂತ್ರ ನಡೀತೈತೇನ್ರಿ?” ಅತ್ತೆ “ನಡೀತೈತ್ರಿ ಕಾಕಾ, ಅದಕ್ಕೇನು” ಅಂದಳು. ಆದರೆ ಮರುದಿನದ ಹೊತ್ತಿಗೆ ಮಾತು ಊರ ತುಂಬ ಹರಡಿತ್ತು. ಹಿರಿಯರ ಕಾಲದಿಂದ ಬಂದದ್ದು, ಒಬ್ಬರಿಗಾಗಿ ಯಾಕೆ ಬದಲಾಗಬೇಕು ಎಂದರು ಕೆಲವರು. ಮಾಸ್ತರರ ಕೆಲಸ ಮಗ್ಗಿ ಕಲಿಸುವುದು, ದೇವರನ್ನು ಮನೆಯವರು ನೋಡಿಕೊಳ್ಳುತ್ತಾರೆ ಎಂದರು ಇನ್ನು ಕೆಲವರು. ಹೆಡ್‌ಮಾಸ್ತರರು ಜಾಣರು, ನೀವು ಹೇಳಿದಂತೆ ಆಗಲಿ ಎಂದು ಎಲ್ಲವನ್ನೂ ಅತ್ತೆಯ ತಲೆಗೇ ಕಟ್ಟಿದರು.

ನಮ್ಮನೆಯಲ್ಲಿ ಒಂದು ರೂಢಿಯಿತ್ತು. ಯಾರಾದರೂ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆ ಉಳಿದವರು ಅವರ ಮುಖ ನೋಡಬಾರದು, ಏನು ಬೇಡಿಕೊಂಡೆ ಎಂದು ಆಮೇಲೂ ಕೇಳಬಾರದು. ಕೇಳಿ ಕೇಳಿ ನಾನು ತಲೆಗೆ ಮೊಟಕಿಸಿಕೊಂಡಿದ್ದೇನೆ. ಅಜ್ಜ ಕಡ್ಡಿ ಮುರಿದಂತೆ ಮಾತಾಡುವವನು. ಅಂದು ಮಗಳು ಗಂಗತ್ತೆಯನ್ನು ಎದುರಿಗೆ ಕೂರಿಸಿಕೊಂಡು ಕೇಳಿದ: “ನೀ ಪೂಜಿಗೆ ಕುಂತಾಗ ಹಿಂಗ ಬೇಡ್ಕೋ, ಹಂಗ ಬೇಡ್ಕೋ ಅಂತ ನಾ ಎಂದರ ಹೇಳೇನೇನವ್ವಾ? ಹಡದಾಂವ ನಾನ ಹೇಳಿಲ್ಲ.” ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

ಮರುದಿನ ಅವಳು ಹಾಡಲಿಲ್ಲ. “ನಿಮಗ ಹೆಂಗ ಬೇಕೋ ಹಂಗ ಒಂದೀಟ ಸುಮ್ಕ ನಿಂದರ್ರಿ” ಎಂದಳು. ನಾವು ನಿಂತೆವು. ಕೆಲವರು ಕೈ ಮುಗಿದರು, ಕೆಲವರು ಕಟ್ಟಿಕೊಂಡರು. ರಾಜ್ಮಾ ಮೊದಲ ಸಲ ಕೈ ಇಳಿಬಿಟ್ಟು, ಹಗುರಾಗಿ ಕಣ್ಣು ಮುಚ್ಚಿದ್ದಳು. ಅದೇ ವಾರ ಕಾಕಾ ಮತ್ತೆ ನಮ್ಮ ಕಟ್ಟೆಗೆ ಬಂದ. ಈ ಸಲ ಕೂರಲೂ ಇಲ್ಲ. “ಅಕ್ಕಾರ, ಹಾಡ ಬಿಡ್ರಿ ಅಂತ ನಾ ಅನ್ಲಿಲ್ಲರಿ. ನಿಮ್ಮ ಹಾಡ ಕೇಳಕೋತ ನನ್ನ ಕೈ ನಡೀತಿತ್ತು. ಹಾಡ್ರಿ ನೀವು.” ಅತ್ತೆ ನಕ್ಕಳು, ಆದರೆ ಕಣ್ಣು ತುಂಬಿದ್ದವು. “ಇಲ್ರಿ ಕಾಕಾ. ನಾ ಹಾಡಿದ್ರ ಹುಡುಗ್ರ ಕೈ ತಾವ ಕೂಡತಾವ್ರಿ. ಮುಗೀಬ್ಯಾಡ್ರಿ ಅಂದ್ರೂ ಕೂಡತಾವು.” ಕಾಕಾ ತಲೆ ತಗ್ಗಿಸಿ ಹೊರಟುಹೋದ.

ಅವಳು ಸಣ್ಣಗಾಗತೊಡಗಿದ್ದನ್ನು ಅಜ್ಜ ಗಮನಿಸಿದ್ದ. ಒಂದು ಮುಂಜಾನೆ ಪೂಜೆ ಮುಗಿಸಿದವನೇ ಕರೆದ. “ಗಂಗಾ, ಮನ್ಯಾಗ ಹಾಡವ್ವಾ. ನಾ ಕೇಳ್ತೇನಿ.” ಹೆಣ್ಣುಮಗಳು ಮನೆಯಲ್ಲಿ ದನಿ ಎತ್ತಿದರೆ ಹುಬ್ಬು ಗಂಟಿಕ್ಕುತ್ತಿದ್ದ ಅಜ್ಜ ಇವನೇ. ಅತ್ತೆ ಕಂಬಕ್ಕೆ ಒರಗಿ ನಿಂತು ಬಾಯಿ ತೆರೆದಳು. ಒಂದು ಸಾಲೂ ಹೊರಡಲಿಲ್ಲ. “ಎದುರಿಗೆ ಹುಡುಗ್ರ ಇರಬೇಕಪ್ಪಾ, ಇಲ್ಲಂದ್ರ ಬರೂದಿಲ್ಲ” ಎಂದು ಒಳಗೆ ಹೋಗಿಬಿಟ್ಟಳು. ಆಮೇಲೆ ಅವಳು ಎಲ್ಲಿಯೂ ಹಾಡಿದ್ದನ್ನು ನಾನು ಕೇಳಿಲ್ಲ.

ಅಜ್ಜ ಹೋದ, ಅತ್ತೆ ಹೋದಳು, ಮನೆ ಪಾಲಾಗಿ ನೆಲಸಮವಾಯಿತು. ಶಿಕ್ಷಕರು ಪ್ರಾರ್ಥನೆ ಹೇಳಿಸಬೇಕೋ ಬೇಡವೋ ಎಂಬ ಜಗಳ ಮಾತ್ರ ಇನ್ನೂ ನಡೆದಿದೆ. ಎರಡೂ ಕಡೆಯವರ ಮಾತನ್ನು ಇಂದಿಗೂ ಕಿವಿಗೊಟ್ಟು ಕೇಳುತ್ತೇನೆ, ಹಾಡುತ್ತಿದ್ದವಳ ಗತಿ ಏನಾಯಿತೆಂದು ಯಾರೂ ಕೇಳುವುದಿಲ್ಲ. ಅತ್ತೆ ಮಾಡಿದ್ದು ಸರಿ ಎಂದೇ ನನ್ನ ನಂಬಿಕೆ. ಯಾಕೆಂದರೆ ಒಂದು ಕಣ್ಣು ತೆರೆದೇ ನಿಲ್ಲುತ್ತಿದ್ದ ನಾನು ಕೂಡ, ಆ ಕಂಠ ಇವತ್ತು ಒಮ್ಮೆ ಕೇಳಿಬಂದರೆ, ಕೈ ಮುಗಿಯದೆ ನಿಲ್ಲಲಾರೆ.