ಹನ್ನೆರಡನೆಯ ಕಾಡತೂಸು

ಅಶ್ವತ್ಥನಿಗೆ ಗಿರಣಿಯಿಂದ ಏಳು ತಿಂಗಳ ಕೂಲಿ ಇನ್ನೂ ಬರಬೇಕು. ಅದನ್ನು ಕೇಳಲು ಗಿರಣಿಯ ಗೇಟಿನ ಮುಂದೆ ಕೂತ ಇನ್ನೂರು ಜನರಲ್ಲಿ ಅವನೂ ಒಬ್ಬ. ತುಂಗಭದ್ರೆಯ ಈಚೆ ದಡದ ಊರು, 2008ರ ಮೇ ತಿಂಗಳು, ಬೆಳಿಗ್ಗೆ ಹತ್ತೂಕಾಲು. ಉದ್ರಿಕ್ತ ಗುಂಪು ಕಲ್ಲು ತೂರಿತು, ಆತ್ಮರಕ್ಷಣೆಗಾಗಿ ಪೇದೆಗಳು ರೈಫಲ್‌ಗಳಿಂದ ಗಾಳಿಯಲ್ಲಿ ಹನ್ನೊಂದು ಸುತ್ತು ಹಾರಿಸಿದರು, ಅದರಲ್ಲೊಂದು ಲೈಟು ಕಂಬಕ್ಕೆ ಬಡಿದು ತಿರುಗಿ ಅವನ ಹೊಟ್ಟೆಗೆ ತಗುಲಿತು ಎಂದು ಪೊಲೀಸರು ಬರೆದುಕೊಂಡರು. ಗಾಳಿಯಲ್ಲಿ ಹಾರಿಸಿದ ಗುಂಡಿಗೆ ಕೂಲಿಯವನ ಹೊಟ್ಟೆಯ ವಿಳಾಸ ಯಾರು ಕೊಡುತ್ತಾರೋ, ಪ್ರತಿ ಸಲವೂ ಸರಿಯಾಗಿ ಹುಡುಕಿಕೊಂಡು ಬರುತ್ತದೆ.

ಅಶ್ವತ್ಥನಿಗೆ ಒಬ್ಬಳು ತಂಗಿ, ವಸುಂಧರಾ. ಅವಳ ಎಂಜಿನಿಯರಿಂಗ್ ಫೀಸು ಕಟ್ಟಿದವನು ಅವನೇ, ನೂಲಿನ ಧೂಳು ಕುಡಿದು ಕೆಮ್ಮುತ್ತಾ. ಅಣ್ಣ ಸತ್ತಾಗ ಅವಳಿಗೆ ಇಪ್ಪತ್ತನಾಲ್ಕು. ಆರು ವರ್ಷದ ನಂತರ, 2014ರಲ್ಲಿ, ಅವಳು ಜಪಾನಿನ ಸೆಂಡಾಯ್ ಪಟ್ಟಣದಲ್ಲಿದ್ದಳು. ಬೆಂಗಳೂರಿನ ಕಂಪನಿ ಅವಳನ್ನು ಅಲ್ಲಿನ ಒಂದು ವಿಡಿಯೊ ಗೇಮ್ ಸಂಸ್ಥೆಗೆ ಟೆಸ್ಟರ್ ಮಾಡಿ ಕಳಿಸಿತ್ತು. ಗೇಮ್ ಕೊಳ್ಳುವವರು ಅಮೆರಿಕದವರು. ಆಟಗಾರ ತನ್ನ ಮನೆ ಕಾಯಲು ಅಂಗಡಿಗೆ ಹೋಗಿ ಒಂದು ಕೈಬಂದೂಕು ಆರಿಸಿಕೊಳ್ಳಬೇಕು. ಯಾವುದರ ಗುಂಡು ಎಷ್ಟು ತೂಕ, ಎಷ್ಟು ವೇಗ, ಎಷ್ಟು ಒದೆಯುತ್ತದೆ, ಎಷ್ಟು ಆಳ ಇಳಿಯುತ್ತದೆ, ಒಂದು ಸಲಕ್ಕೆ ಎಷ್ಟು ತುಂಬಬಹುದು ಎಂದು ಪಕ್ಕಪಕ್ಕದಲ್ಲಿ ಇಟ್ಟು ತೋರಿಸುವ ದೊಡ್ಡ ಕೋಷ್ಟಕ. ಅದರಲ್ಲಿ ಒಂದು ಅಂಕಿ ತಪ್ಪಿದರೂ ಟೆಕ್ಸಾಸಿನಿಂದ ಬೈಗುಳದ ಮೇಲ್ ಬರುತ್ತಿತ್ತು. ಕೋಷ್ಟಕದ ಪ್ರತಿ ಅಂಕಿಯನ್ನೂ ನಿಜದ ಅಂಕಿಗೆ ತಾಳೆ ನೋಡುವುದು ವಸುಂಧರಾಳ ಕೆಲಸ.

ಬಂದೂಕು ಮುಟ್ಟದ ಹೆಣ್ಣು ಮಳೆಗಾಲ ಬರುವುದರೊಳಗೆ ಗುಂಡಿನ ಪಂಡಿತೆಯಾದಳು. ನಲವತ್ತೈದರ ಪಿಸ್ತೂಲಿನ ಗುಂಡು ಹದಿನೈದು ಗ್ರಾಂ, ದಪ್ಪ, ನಿಧಾನ. ಏಳೆಂಟಕ್ಕಿಂತ ಹೆಚ್ಚು ತುಂಬಲು ಜಾಗವಿಲ್ಲ. ಒಂಬತ್ತು ಮಿಲಿಮೀಟರಿನದು ಏಳೂವರೆ ಗ್ರಾಂ, ಹಗುರ, ಚುರುಕು, ಹದಿನೈದು ಹಿಡಿಸುತ್ತದೆ. ಮೂವತ್ತೆಂಟರ ರಿವಾಲ್ವರಿನದು ಅಗಲದಲ್ಲಿ ಒಂಬತ್ತರ ಅವಳಿ, ತೂಕದಲ್ಲಿ ಹತ್ತು ಗ್ರಾಂ. ಟೊಳ್ಳು ಮೂತಿಯ ಗುಂಡು ಮೈಯೊಳಗೆ ಅರಳಿ ನಿಲ್ಲುತ್ತದೆ, ತಾಮ್ರದ ಹೊದಿಕೆ ಪೂರ್ತಿ ಇರುವುದು ತೂರಿಹೋಗಿ ಹಿಂದಿದ್ದವನಿಗೂ ತಗುಲಬಹುದು. ಆದ್ದರಿಂದ ಮನೆ ಕಾಯಲು ಮೊದಲನೆಯದೇ ವಾಸಿ ಎಂದು ಗೇಮಿನ ಅಂಗಡಿಯವನು ಬದನೆಕಾಯಿ ಮಾರುವವನ ಹಾಗೆ ಬಣ್ಣಿಸುತ್ತಾನೆ. ವಸುಂಧರಾ ಅದನ್ನು ದಿನಕ್ಕೆ ಐವತ್ತು ಸಲ ಕೇಳುತ್ತಿದ್ದಳು. ಅಣ್ಣನ ನೆನಪು ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೆ ಅಣ್ಣನನ್ನು ಕೊಂದದ್ದು ಪೊಲೀಸರ ತ್ರೀ ನಾಟ್ ತ್ರೀ ರೈಫಲ್ಲು, ಅದು ಈ ಕೋಷ್ಟಕದಲ್ಲಿ ಇಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

ಅಂಕಿಗಳಲ್ಲಿ ಅನುಮಾನ ಬಂದರೆ ಕೇಳಲು ಓಯಿಕಾವಾ-ಸಾನ್ ಇದ್ದ. ನಲವತ್ತು ದಾಟಿದ ಗಂಡಸು, ಇವಾಟೆ ಕರಾವಳಿಯವನು, ಹದಿನಾಲ್ಕು ವರ್ಷ ಜಪಾನಿನ ಸೇನೆಯಲ್ಲಿದ್ದು ಬಿಟ್ಟುಬಂದವನು. ಮಧ್ಯಾಹ್ನ ಬೀದಿ ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಎರಡು ಅನ್ನದ ಉಂಡೆ ತಿನ್ನುತ್ತಾ ಕೂರುತ್ತಿದ್ದ.

ಒಂದು ದಿನ ಅವನು ಖಾಲಿ ಕಾಡತೂಸಿನ ವಿಷಯ ತೆಗೆದ. "ನಮ್ಮಲ್ಲಿ ಒಬ್ಬ ಗುಂಡು ಹಾರಿಸಿದರೆ ಪಕ್ಕದಲ್ಲಿ ಇನ್ನೊಬ್ಬ ಬಲೆ ಹಿಡಿದು ನಿಲ್ಲಬೇಕು, ವಸುಂಧರಾ-ಸಾನ್. ಹಾರಿದ ಖಾಲಿ ಕಾಡತೂಸು ಅದರೊಳಗೇ ಬೀಳಬೇಕು. ಸಂಜೆ ಎಣಿಕೆ. ಒಂದು ಕಮ್ಮಿಯಾದರೆ ಯಾರೂ ಮನೆಗೆ ಹೋಗುವ ಹಾಗಿಲ್ಲ."

"ಒಂದು ಹಿತ್ತಾಳೆ ಚೂರಿಗಾ? ನಮ್ ಕಡೆ ಅದನ್ನ ಎತ್ಕೊಂಡು ಹೋಗಿ ಕೀ ಚೈನ್ ಮಾಡ್ಕೋತಾರೆ," ಎಂದು ವಸುಂಧರಾ ನಕ್ಕಳು.

"ನಗಬೇಡಿ. ಒಮ್ಮೆ ಒಂದು ಕಮ್ಮಿಯಾಗಿ ನೂರಿಪ್ಪತ್ತು ಜನ ಹೆಗಲಿಗೆ ಹೆಗಲು ತಾಗಿಸಿ ಮೊಣಕಾಲೂರಿ ಹುಲ್ಲು ಬಾಚಿದೆವು. ಮೂರು ದಿನ. ಕೊನೆಗೆ ಅಡುಗೆಯವನ ಬೂಟಿನ ಮಡಿಕೆಯಲ್ಲಿ ಸಿಕ್ಕಿತು." ಉಂಡೆಯ ಮೇಲಿನ ಪ್ಲಾಸ್ಟಿಕ್ಕನ್ನು ಅವನು ನಾಲ್ಕು ಮಡಿಕೆ ಮಾಡಿದ. "ಮೂರು ವರ್ಷದ ಹಿಂದೆ, ಮಾರ್ಚ್ ಹನ್ನೊಂದರ ಭೂಕಂಪ, ಸುನಾಮಿ ಆದ ಮೇಲೆ ನಮ್ಮನ್ನು ಕರಾವಳಿಗೆ ಕಳಿಸಿದರು. ಅಲ್ಲೂ ಅದೇ ಸಾಲು, ಅದೇ ಮೊಣಕಾಲು. ಕೆಸರಿನಲ್ಲಿ ಕೋಲು ಚುಚ್ಚಿ ನೋಡುತ್ತಾ ಮನುಷ್ಯರನ್ನು ಹುಡುಕಿದೆವು. ನನ್ನ ಅತ್ತಿಗೆ ಇನ್ನೂ ಸಿಕ್ಕಿಲ್ಲ. ಆದರೆ ಲೆಕ್ಕದಲ್ಲಿದ್ದಾಳೆ. ಸಿಕ್ಕಿಲ್ಲದವರ ಲೆಕ್ಕ ಅಂತಲೇ ಒಂದಿದೆ."

ನಕ್ಕದ್ದಕ್ಕೆ ವಸುಂಧರಾ ಜಪಾನಿಯಲ್ಲಿ ಕ್ಷಮೆ ಕೇಳಿದಳು. "ಸುಮಿಮಾಸೆನ್" ಎಂದಳು. ಅವನು ತಲೆಯಾಡಿಸಿ ಕಂಪ್ಯೂಟರಿನ ಕಡೆ ತಿರುಗಿದ.

ಜೂನ್ ಹೊತ್ತಿಗೆ ತಾಯಿ ಸತ್ಯವತಿ ತೊಂಬತ್ತು ದಿನದ ವೀಸಾ ಮಾಡಿಸಿಕೊಂಡು ಸೆಂಡಾಯ್‌ಗೆ ಬಂದಳು. ಪೆಟ್ಟಿಗೆಯಲ್ಲಿ ಸಾರಿನಪುಡಿ, ಹುಣಸೆಹಣ್ಣು. ಕಂಕುಳಲ್ಲಿ ಒಂದು ಹಳದಿ ಪ್ಲಾಸ್ಟಿಕ್ ಕವರು. ಕವರಿನಲ್ಲಿ ಅಶ್ವತ್ಥನ ಕೇಸಿನ ಕಾಗದಗಳು. ಯಾವುದೇ ಕಾರಣಕ್ಕೂ ಕಾಗದ ಕೈಬಿಡಬೇಡಿ ಎಂದು ವಕೀಲ ಉಮಾಶಂಕರ್ ಎಂದೋ ಹೇಳಿದ್ದ. ಸತ್ಯವತಿ ಅದನ್ನು ಅಕ್ಷರಶಃ ನಡೆಸಿದ್ದಳು. ಸಂತೆಗೆ, ಮದುವೆಗೆ, ಆಸ್ಪತ್ರೆಗೆ, ಈಗ ಸಮುದ್ರ ದಾಟಿ ಜಪಾನಿಗೆ.

"ಇಲ್ಲಿ ಯಾರೂ ಮಾತೇ ಆಡಲ್ವಲ್ಲೇ ವಸು. ರೈಲಲ್ಲಿ ಎಲ್ರೂ ಸಾವಿನ ಮನೆಗೆ ಬಂದಂಗೆ ಕೂತಿರ್ತಾರೆ."

"ಅಮ್ಮಾ, ಟ್ರೈನಲ್ಲಿ ಜೋರಾಗಿ ಮಾತಾಡ್ಬಾರ್ದು. ಇಲ್ಲಿ ಹಾಗೇನೇ. ನೀನು ಆ ಕವರ್ ಬಿಟ್ಟು ಕೂತ್ಕೋ ಸ್ವಲ್ಪ, ಯಾರೂ ಕದಿಯಲ್ಲ."

"ಕದಿಯೋರು ಆಗಲೇ ಕದ್ದಾಯ್ತು. ಈ ಇಂಗ್ಲಿಷ್ ಕಾಗದ ಓದಿ ಹೇಳೇ ಅಂತ ಆರು ವರ್ಷದಿಂದ ಬಡ್ಕೋತಿದೀನಿ. ಇವತ್ತಾದ್ರೂ ಓದು. ಭಾನುವಾರ, ನಿಂಗೇನು ಕೆಲಸ?"

ವಸುಂಧರಾ ಆರು ವರ್ಷ ಓದದೆ ತಪ್ಪಿಸಿಕೊಂಡದ್ದಕ್ಕೆ ಕಾರಣವಿತ್ತು. ಆ ಕವರಿನೊಳಗೆ ಅವಳದೇ ಒಂದು ಸಹಿ ಇತ್ತು. ಗೋಲಿಬಾರ್ ನಡೆದ ಮರುದಿನ ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಯ ಹಿಂದೆ, ಶವಾಗಾರದ ಬಾಗಿಲಲ್ಲಿ, ಒಬ್ಬ ಜಮಾದಾರ ಐದು ಹಾಳೆ ಚಾಚಿ, ಮನೆಯಲ್ಲಿ ಓದಿದವರು ನೀವೇ ತಾನೇ, ಇಲ್ಲಿ ಸಹಿ ಹಾಕಿ, ಹಾಕಿದ ಕೂಡಲೇ ದೇಹ ಕೊಡ್ತೀವಿ ಎಂದಿದ್ದ. ಅವಳು ಓದಲಿಲ್ಲ. ಐದು ಸಹಿ ಹಾಕಿದಳು. ಅದರಲ್ಲಿ ಒಂದು, ಸ್ಥಳ ಮಹಜರು.

ಆ ಭಾನುವಾರ ಅವಳು ಶವಪರೀಕ್ಷೆಯ ವರದಿ ತೆಗೆದಳು. ಎರಡನೇ ಪುಟ. ಬೆನ್ನುಮೂಳೆಗೆ ತಾಗಿ ನಿಂತಿದ್ದ ಗುಂಡು ಒಂದು, ತಾಮ್ರದ ಹೊದಿಕೆಯದು. ಉದ್ದ ಒಂದೂವರೆ ಸೆಂಟಿಮೀಟರು. ತಳದ ಅಗಲ ಒಂಬತ್ತು ಮಿಲಿಮೀಟರು. ವೈದ್ಯ ಯಾರೋ ಶಿಸ್ತಿನವನು, ಗುಂಡನ್ನು ತಕ್ಕಡಿಗೆ ಹಾಕಿ ತೂಕವನ್ನೂ ಬರೆದಿದ್ದ: ಏಳು ಪಾಯಿಂಟ್ ನಾಲ್ಕು ಗ್ರಾಂ.

ತ್ರೀ ನಾಟ್ ತ್ರೀಯ ಗುಂಡು ಸಣ್ಣಗೆ, ಉದ್ದಕ್ಕೆ, ಕಡ್ಡಿಯ ಹಾಗಿರುತ್ತದೆ. ಹನ್ನೊಂದು ಗ್ರಾಂ ದಾಟುತ್ತದೆ. ಅದು ನೇರ ತಗುಲಿದ್ದರೆ ಅಣ್ಣನ ಮೈಯಲ್ಲಿ ನಿಲ್ಲುತ್ತಲೇ ಇರಲಿಲ್ಲ, ಕಂಬಕ್ಕೆ ಬಡಿದು ಬಂದಿದ್ದರೆ ಹೀಗೆ ಅಳತೆಗೆ ಸರಿಯಾಗಿ ಉಳಿಯುತ್ತಿರಲಿಲ್ಲ. ಈ ತೂಕ, ಈ ಅಗಲ ಅವಳ ಕೋಷ್ಟಕದ ಎರಡನೇ ಸಾಲಿನದು. ದಿನಕ್ಕೆ ಐವತ್ತು ಸಲ ನೋಡಿದ್ದು.

"ಏನಂತೆ?" ಎಂದಳು ಸತ್ಯವತಿ.

"ತಾಳಮ್ಮ. ಇನ್ನೂ ಓದ್ತಿದೀನಿ."

ಮಹಜರು ತೆಗೆದಳು. ಘಟನಾ ಸ್ಥಳದಲ್ಲಿ ತ್ರೀ ನಾಟ್ ತ್ರೀ ರೈಫಲ್ಲಿನ ಖಾಲಿ ಕಾಡತೂಸುಗಳು ಹನ್ನೊಂದು ದೊರೆತವು, ಬೇರಾವ ಆಯುಧದ ಕುರುಹೂ ಕಂಡುಬರಲಿಲ್ಲ, ನಮ್ಮ ಸಮಕ್ಷಮ ಎಣಿಸಿ ವಶಪಡಿಸಿಕೊಳ್ಳಲಾಯಿತು, ಓದಿ ಕೇಳಿ ಒಪ್ಪಿ ಸಹಿ ಮಾಡಿರುತ್ತೇವೆ. ಕೆಳಗೆ ಅವಳ ದುಂಡು ಅಕ್ಷರ. ಆ ದಿನ ಅವಳು ಗೇಟಿನ ಹತ್ತಿರ ಹೋಗಿರಲೇ ಇಲ್ಲ.

ಸೋಮವಾರ ಓಯಿಕಾವಾ ಉಂಡೆ ಬಿಚ್ಚುವ ಮೊದಲೇ ಅವಳು ಕೇಳಿದಳು. "ಒಂಬತ್ತು ಮಿಲಿಮೀಟರ್ ಅಗಲ ಇದ್ರೆ ಮೂವತ್ತೆಂಟರ ರಿವಾಲ್ವರಿನದೂ ಆಗಿರಬಹುದಲ್ವಾ?"

"ಅಗಲ ಎಲ್ಲರಿಗೂ ಮೋಸ ಮಾಡುತ್ತದೆ. ತೂಕ ಹೇಳಿ."

"ಏಳು ಪಾಯಿಂಟ್ ನಾಲ್ಕು."

"ಮೂವತ್ತೆಂಟರದು ಅಷ್ಟು ಹಗುರ ಇರುವುದು ಅಪರೂಪ. ನಾನಾದರೆ ಪಿಸ್ತೂಲು ಅನ್ನುತ್ತೇನೆ. ಅಧಿಕಾರಿಗಳು ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು. ಪಕ್ಕಾ ಮಾಡಿಕೊಳ್ಳಲು ಇನ್ನೊಂದು ದಾರಿ ಇದೆ. ರಿವಾಲ್ವರಾದರೆ ಖಾಲಿ ಕಾಡತೂಸು ಅದರ ಹೊಟ್ಟೆಯಲ್ಲೇ ಉಳಿಯುತ್ತದೆ. ಪಿಸ್ತೂಲಾದರೆ ಬಲಕ್ಕೆ ಚಿಮ್ಮಿ ನೆಲಕ್ಕೆ ಬೀಳುತ್ತದೆ. ಅದರ ತಳದಲ್ಲಿ ಆ ಪಿಸ್ತೂಲಿನ ಮೊಳೆ ಕುಟ್ಟಿದ ಗುರುತು ಇರುತ್ತದೆ, ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಖಾಲಿ ಎಷ್ಟು ಸಿಕ್ಕವು?"

"ಹನ್ನೊಂದು. ಎಲ್ಲಾ ರೈಫಲ್‌ದು."

"ಹಾಗಾದರೆ ಒಂದು ಕಮ್ಮಿ. ಎಣಿಸಿದವರು ಯಾರು?"

"ನಾನು," ಎಂದಳು ವಸುಂಧರಾ.

ಓಯಿಕಾವಾ ಅವಳ ಮುಖ ನೋಡಿದ. ಇದು ಗೇಮಿನ ಮಾತಲ್ಲ ಎಂದು ಅವನಿಗೆ ಆಗ ತಿಳಿಯಿತು. ಎದ್ದುನಿಂತು, ಇಡೀ ಆಫೀಸು ನೋಡುತ್ತಿದ್ದ ಹಾಗೆ, ಸೊಂಟ ಬಗ್ಗಿಸಿ ತಲೆ ತಗ್ಗಿಸಿದ. ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ದಾರಿ ಒಂದೇ ಇತ್ತು. ನಾನು ಎಣಿಸಲಿಲ್ಲ, ಸ್ಥಳಕ್ಕೆ ಹೋಗಿರಲಿಲ್ಲ, ಓದದೆ ಸಹಿ ಹಾಕಿದೆ ಎಂದು ಅಫಿಡವಿಟ್ ಬರೆಯಬೇಕು. ಊರಿಗೆ ಫೋನ್ ಮಾಡಿದರೆ ಉಮಾಶಂಕರ್ ಗಾಬರಿಯಾದ. "ಮೇಡಂ, ಕೊನೇಗೆ ಸುಳ್ಳು ಸಾಕ್ಷಿ ಅಂತ ನಿಮ್ ಮೇಲೇ ತಿರುಗಿಸ್ತಾರೆ. ಪಾಸ್‌ಪೋರ್ಟ್, ವೀಸಾ ಎಲ್ಲಾ ಅಲ್ಲಾಡುತ್ತೆ. ಯೋಚನೆ ಮಾಡಿ."

"ನೀವ್ಯಾಕೆ ಆ ತೂಕ ನೋಡ್ಲಿಲ್ಲ ಸರ್? ಆರು ವರ್ಷ ನಿಮ್ಮ ಟೇಬಲ್ ಮೇಲೇ ಅದರ ಕಾಪಿ ಇತ್ತಲ್ಲ?"

"ನೋಡಿದೀನಿ ಮೇಡಂ. ನನಗೇನು ಗುಂಡಿನ ತೂಕ ಗೊತ್ತಿರುತ್ತಾ? ನಿಮ್ಮ ಸಹಿ ಇತ್ತು. ಮನೆಯವರೇ ಒಪ್ಪಿದ್ದಾರಲ್ಲ ಅಂತ ಮ್ಯಾಜಿಸ್ಟ್ರೇಟರೂ ಅದನ್ನೇ ಹಿಡ್ಕೊಂಡ್ರು."

ವೀಸಾದ ಭಯಕ್ಕಿಂತ ದೊಡ್ಡ ಭಯ ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿತ್ತು. ಮಗನ ಕೇಸಿಗೆ ಮಣ್ಣು ಹಾಕಿದ್ದು ಮಗಳ ಸಹಿ ಎಂದು ತಾಯಿಗೆ ಹೇಳಬೇಕು. ಶನಿವಾರ ಬೆಳಿಗ್ಗೆ ವಸುಂಧರಾ ಎದುರು ಕೂತು ಎಲ್ಲವನ್ನೂ ಹೇಳಿದಳು. ಏಳು ಪಾಯಿಂಟ್ ನಾಲ್ಕು, ಹನ್ನೊಂದು, ಸಹಿ. ಸತ್ಯವತಿಯ ಬೆರಳು ನಿಲ್ಲಲಿಲ್ಲ. ಸೊಪ್ಪು ಒಂದು ಕಡೆ, ದಂಟು ಒಂದು ಕಡೆ.

"ನೀನು ಸಹಿ ಹಾಕಿದ್ದು ನಂಗೆ ಗೊತ್ತಿಲ್ವೇನೇ? ಪಕ್ಕದಲ್ಲೇ ನಿಂತಿದ್ದೆ."

"ಓದದೆ ಹಾಕಿದ್ದಮ್ಮ."

"ಓದೋಕೆ ಬಿಟ್ಟೋರು ಯಾರು? ಮೇ ತಿಂಗಳ ಬಿಸಿಲು. ಕರೆಂಟಿಲ್ಲ, ಐಸಿಲ್ಲ. ಬೇಗ ಹಾಕೇ, ಹೆಣ ಊದ್ತಾ ಇದೆ ಅಂತ ನಿನ್ನ ಬೆನ್ನಿಗೆ ಗುದ್ದಿದ್ದು ನಾನೇ. ಮರ್ತೆಯಾ?"

ವಸುಂಧರಾ ಮರೆತಿದ್ದಳು. ಆರು ವರ್ಷ ಒಬ್ಬಳೇ ಹೊತ್ತದ್ದನ್ನು ತಾಯಿಯೂ ಹೊತ್ತಿದ್ದಳು, ಹಳದಿ ಕವರಿನಲ್ಲಿ, ಕಂಕುಳಲ್ಲಿ.

"ಬರಿ ಆ ಕಾಗದ," ಎಂದಳು ಸತ್ಯವತಿ. "ಜೈಲಿಗೆ ಹಾಕಿದ್ರೆ ಹಾಕ್ಲಿ, ಬುತ್ತಿ ನಾನು ತರ್ತೀನಿ. ಈ ಸಲ ಮಾತ್ರ ಓದಿ ಸಹಿ ಹಾಕು."

ಅಫಿಡವಿಟ್ ನಾಲ್ಕು ಪುಟ. ಟೋಕಿಯೋದ ರಾಯಭಾರ ಕಚೇರಿಯಲ್ಲಿ ಅದಕ್ಕೆ ಮೊಹರು ಬೀಳುವ ಮೊದಲು ವಸುಂಧರಾ ಪ್ರತಿ ಸಾಲನ್ನೂ ತಾಯಿಗೆ ಗಟ್ಟಿಯಾಗಿ ಓದಿ ಹೇಳಿದಳು. ಸಾಲಿನಲ್ಲಿ ಹಿಂದೆ ನಿಂತವರು ಗೊಣಗಿದರು. ಗೊಣಗಲಿ.

ಪೊಲೀಸ್ ಇಲಾಖೆಯ ಉತ್ತರ ಬಂದದ್ದು 2016ರಲ್ಲಿ. ಠಾಣೆ ಹೊಸ ಕಟ್ಟಡಕ್ಕೆ ಹೋಗುವಾಗ ವಶಪಡಿಸಿಕೊಂಡಿದ್ದ ಮುದ್ದೆಮಾಲಿನ ಕೆಲವು ಪೊಟ್ಟಣ ಕಳೆದಿವೆ, ಮೃತನ ದೇಹದಿಂದ ತೆಗೆದ ಗುಂಡು ಅವುಗಳಲ್ಲಿ ಒಂದು. ಆ ದಿನ ಯಾವ ಅಧಿಕಾರಿಗೆ ಯಾವ ಪಿಸ್ತೂಲು ಕೊಟ್ಟಿತ್ತೆಂಬ ರಿಜಿಸ್ಟರಿಗೆ ಗೆದ್ದಲು ಹಿಡಿದಿದೆ. ಹೊಸ ಸಾಕ್ಷ್ಯ ಒದಗಿಸಿದಲ್ಲಿ ಪರಿಶೀಲಿಸಲಾಗುವುದು. ಮಗಳ ಮೇಲೆ ಕೇಸನ್ನೂ ಹಾಕಲಿಲ್ಲ. ಹಾಕಿದರೆ ಕೋರ್ಟಿನಲ್ಲಿ ತೂಕದ ಮಾತು ಏಳುತ್ತದಲ್ಲ.

ಸತ್ಯವತಿ ಮರುವರ್ಷ ತೀರಿಕೊಂಡಳು, ಸಕ್ಕರೆ ಕಾಯಿಲೆಯಿಂದ. ವಸುಂಧರಾ ಗೇಮಿನ ಕೆಲಸ ಬಿಟ್ಟು ಅದೇ ಪಟ್ಟಣದಲ್ಲಿ ಆಸ್ಪತ್ರೆಯ ಬಿಲ್ಲಿಂಗ್ ತಂತ್ರಾಂಶ ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ಪ್ರತಿ ತಿಂಗಳ ಹನ್ನೊಂದಕ್ಕೆ ಓಯಿಕಾವಾ ಕರಾವಳಿಗೆ ಹೋಗುತ್ತಾನೆ. ಇನ್ನೂ ಸಿಕ್ಕಿಲ್ಲದವರಿಗಾಗಿ ಒಂದಷ್ಟು ಜನ ಈಗಲೂ ಮರಳು ಬಾಚುತ್ತಾರೆ. ಕೆಲವು ಸಲ ವಸುಂಧರಾಳೂ ಹೋಗುತ್ತಾಳೆ. ಸಾಲಿನಲ್ಲಿ ಮೊಣಕಾಲೂರಿ, ಕೈಗವಸು ತೊಟ್ಟು, ಪಕ್ಕದವರ ಹೆಗಲಿಗೆ ಹೆಗಲು ತಾಗಿಸಿ. ಹಳದಿ ಕವರು ಬೆನ್ನ ಚೀಲದಲ್ಲಿ ಇರುತ್ತದೆ.

ಆ ಹನ್ನೆರಡನೆಯ ಹಿತ್ತಾಳೆ ಚೂರು ಗಿರಣಿಯ ಗೇಟಿನ ಮುಂದೆ ಬಿದ್ದಿತ್ತು. ಹತ್ತೊಂಬತ್ತು ಮಿಲಿಮೀಟರ್ ಉದ್ದ, ಕಿರುಬೆರಳಿನ ಒಂದು ಗಿಣ್ಣಿನಷ್ಟು. ಪೊಲೀಸರು ಎತ್ತಿಕೊಂಡಿದ್ದರೆ ಅದು ಮುಗಿದ ಕತೆ. ಆದರೆ ಲಾಠಿ ಬೀಸುತ್ತಾ ಓಡಿದವರಿಗೆ ನೆಲ ನೋಡುವ ಪುರುಸೊತ್ತು ಎಲ್ಲಿತ್ತು? ಅವತ್ತು ಗೇಟಿನ ಎದುರಿನ ಸೈಕಲ್ ಶಾಪಿನ ಕಟ್ಟೆಯ ಮೇಲೆ, ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತು ನೋಡಿದವರು ನಲವತ್ತು ಜನಕ್ಕೆ ಕಮ್ಮಿಯಿಲ್ಲ. ನೀವೂ ಅವರಲ್ಲಿ ಇದ್ದಿರಬಹುದು. ಗಲಾಟೆ ತಣ್ಣಗಾದ ಮೇಲೆ ಕೆಳಗಿಳಿದು, ಹೊಳೆಯುತ್ತಿದ್ದದ್ದನ್ನು ಎತ್ತಿ ಜೇಬಿಗೆ ಹಾಕಿಕೊಂಡಿರಬಹುದು. ಪಿಸ್ತೂಲು ಇಲಾಖೆಯ ಕಪಾಟಿನಲ್ಲೇ ಇದ್ದೀತು. ಹೊಂದಿಸಿ ನೋಡಲು ಬೇಕಾದದ್ದು ನಿಮ್ಮಲ್ಲಿರುವ ಚೂರು ಮಾತ್ರ. ನಿಮ್ಮ ಬೀಗದಕೈ ಗೊಂಚಲು ನೋಡಿ. ಮನೆಯ ಹಳೇ ಡಬ್ಬಿ ಸುರುವಿ ನೋಡಿ. ಇದ್ದರೆ ಕೊಡಿ.