ಬಜಗೋಳಿಗೆ ಹೋಗುತ್ತಿದ್ದ ಕಾರು

ಕಳೆದ ವಾರ ಮಣಿಪಾಲದ ಏರಿನಲ್ಲಿ ನನ್ನ ಮುಂದಿದ್ದ ಹಳೆಯ ಕಾರೊಂದು ನಿಂತು ಹೊರಡುವಾಗ ಕಿರ್ರನೆ ಕಿರುಚಿತು. ಹಿಂದೆಯೇ ಸುಟ್ಟ ರಬ್ಬರಿನ ವಾಸನೆ ಬಂತು. ಬೆಲ್ಟು ಜಾರುತ್ತಿದೆ ಎಂದು ನನಗೆ ಥಟ್ಟನೆ ಗೊತ್ತಾಯಿತು. ಅದರ ಬೆನ್ನಿಗೇ ಅತ್ತಿಗೆಯ ನೆನಪು. ನೆನಪಿನ ಜೊತೆಗೆ ಆ ಹಳೆಯ ಹೊಟ್ಟೆಕಿಚ್ಚು... ಇಷ್ಟು ವರ್ಷಗಳಾದರೂ ಅದು ಆರಿರಲಿಲ್ಲ.

ನಮ್ಮ ಮನೆ ಕಾಪುವಿನಲ್ಲಿ, ಕಡಲಿಗೆ ಹತ್ತಿರ. ಅಪ್ಪ ತಮ್ಮ ಹರೆಯವನ್ನೆಲ್ಲ ಮೀನಿನ ಬೋಟುಗಳ ಎಂಜಿನ್ ಕೋಣೆಯಲ್ಲಿ ಕಳೆದವರು. ಆ ಸದ್ದು ಅವರ ಕಿವಿಗಳನ್ನು ತಿಂದುಬಿಟ್ಟಿತ್ತು. ಬೋಟು ಬಿಟ್ಟ ಮೇಲೆ ಒಂದು ಹಳೆಯ ಕಾರು ಕೊಂಡು, ಅದರ ರಿಪೇರಿಯನ್ನೆಲ್ಲ ತಾವೇ ಮಾಡಿಕೊಳ್ಳುತ್ತಿದ್ದರು. ಗ್ಯಾರೇಜಿನವರ ಕೈಗೆ ಕೊಡುತ್ತಿರಲಿಲ್ಲ. ಆದರೆ ಎಂಜಿನಿನ ಕಾಯಿಲೆ ಮೊದಲು ತಿಳಿಯುವುದು ಕಿವಿಗೆ, ಆ ಕಿವಿಯೇ ಅವರಿಗಿರಲಿಲ್ಲ. ಅಣ್ಣನಿಗೆ ಕಾರಿನ ಗೊಡವೆಯೇ ಬೇಡ. ಮಗಳಾದ ನಾನು ಬಾನೆಟ್ಟಿನ ಹತ್ತಿರ ಹೋದರೆ ಅಪ್ಪ, "ನೀನು ಕೈ ಕೊಳೆ ಮಾಡಿಕೊಳ್ಳಬೇಡ ಮಗಾ, ನಿನಗೆ ಓದಲಿಕ್ಕೆ ಉಂಟಲ್ಲ" ಎನ್ನುತ್ತಿದ್ದರು. ಅದು ಪ್ರೀತಿಯೇ, ನನಗೆ ಗೊತ್ತಿತ್ತು. ಮಣಿಪಾಲದಲ್ಲಿ ಓದಿದೆ, ಅಲ್ಲಿಯೇ ಕೆಲಸಕ್ಕೂ ಸೇರಿದೆ. ಕೈ ಸ್ವಚ್ಛವಾಗಿಯೇ ಉಳಿಯಿತು.

ಅಣ್ಣನನ್ನು ಮದುವೆಯಾಗಿ ಅತ್ತಿಗೆ ಬಜಗೋಳಿಯಿಂದ ಬಂದಳು. ಬಂದ ಹೊಸತರಲ್ಲೇ ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ತಲೆಯೆತ್ತಿ, "ಮಾವ, ಕಾರಿನ ಒಳಗೆ ಎಂತದೋ ಹಕ್ಕಿ ಕೂಗಿದ ಹಾಗೆ ಕೇಳ್ತದೆ" ಎಂದಳು. ಅಪ್ಪನಿಗೆ ಆ ಸದ್ದು ಕೇಳಿಸಿರಲಿಲ್ಲ. ಅವರು ಅವಳನ್ನು ಕರೆದು, ಒಂದು ಮರದ ಕೋಲಿನ ತುದಿಯನ್ನು, ಬೆಲ್ಟನ್ನು ತಿರುಗಿಸುವ ಗಾಲಿಯಾದ ಪುಲ್ಲಿಯ ನಡುವಿನ ಬೋಲ್ಟಿಗೆ ತಾಗಿಸಿ, ಇನ್ನೊಂದು ತುದಿಯನ್ನು ಅವಳ ಕಿವಿಗೆ ಒತ್ತಿ ಹಿಡಿಯಲು ಹೇಳಿದರು. ವೈದ್ಯರು ಎದೆಯ ಬಡಿತ ಕೇಳುವ ಹಾಗೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಕೇಳಿದ್ದನ್ನು ಬಾಯಿಯಲ್ಲಿ ಹಾಗೆಯೇ ಮಾಡಿ ತೋರಿಸಿದಳು, ಜೋಯ್ ಜೋಯ್ ಎಂದು... ಅವಳ ಬಾಯಿಯ ಆಕಾರ ನೋಡಿಯೇ ಅಪ್ಪ ನಕ್ಕರು.

ಆ ನಗು ನಾನು ಅದುವರೆಗೆ ಕಾಣದ್ದು.

ಮತ್ತೆ ಅದೇ ಅವರಿಬ್ಬರ ಲೋಕವಾಯಿತು. ನಾನು ಭಾನುವಾರ ಮನೆಗೆ ಬಂದರೆ ಬಾನೆಟ್ಟಿನಡಿಯಲ್ಲಿ ಎರಡು ಬೆನ್ನುಗಳು ಕಾಣುತ್ತಿದ್ದವು. ಅಪ್ಪ ನನ್ನೊಡನೆ ಊಟ ಆಯಿತಾ, ಬಸ್ಸು ಸಿಕ್ಕಿತಾ ಎಂದಷ್ಟೇ ಮಾತಾಡುವವರು. ಅವಳೊಡನೆ ಮಾತ್ರ ಆಳಕಡಲಿನ ಕಥೆಗಳು, ಎಂಜಿನ್ ಕೆಟ್ಟು ಬೋಟು ತೇಲಿದ ಕಥೆಗಳು. ನನಗೆ ಹೇಳದ ಕಥೆಗಳನ್ನು ಅಡುಗೆಮನೆಯಲ್ಲಿ ಅವಳಿಂದ ಕೇಳಬೇಕಾಗಿತ್ತು. ಕೇಳುವಾಗ ಸಾರಿನ ರುಚಿಯೇ ನನಗೆ ಹತ್ತುತ್ತಿರಲಿಲ್ಲ.

ಕೆಲವು ವರ್ಷಗಳಲ್ಲಿ ಅಣ್ಣನೂ ಅವಳೂ ವಿಚ್ಛೇದನ ಪಡೆದು ಬೇರೆಯಾದರು. ಕಾರಣವನ್ನು ಇಬ್ಬರೂ ಹೇಳಲಿಲ್ಲ. ಅವಳು ಬಜಗೋಳಿಗೆ ಹಿಂದಿರುಗಿ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸತೊಡಗಿದಳು. ನಮ್ಮ ಮನೆಯಲ್ಲಿ ಅವಳ ಹೆಸರೆತ್ತಬಾರದೆಂದು ಅಮ್ಮ ಹೇಳಿದರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಿತವೆನಿಸಿತ್ತು. ಇನ್ನು ಅಪ್ಪ ನನ್ನವರು ಎಂದುಕೊಂಡೆ. ಫೋನಿನಲ್ಲಿ ವೀಡಿಯೊ ನೋಡಿ ಬೆಲ್ಟು, ಪುಲ್ಲಿ, ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್ ಎಲ್ಲವನ್ನೂ ಕಲಿತೆ.

ಹಾಗಿರುವಾಗ ಒಂದು ಬೇಸಿಗೆಯಲ್ಲಿ ಕಾರು ಗುರುಗುಡತೊಡಗಿತು. ನಾನು ಓಡುತ್ತಿದ್ದ ಬೆಲ್ಟಿನ ಮೇಲೆ ನೀರು ಚಿಮುಕಿಸಿ ನೋಡಿದೆ. ಬೆಲ್ಟಿನ ದೋಷವಾದರೆ ನೀರು ಬಿದ್ದಾಗ ಸದ್ದು ಬದಲಾಗಬೇಕು. ಇದು ಬದಲಾಗಲಿಲ್ಲ. ಅಂದರೆ ಯಾವುದೋ ಪುಲ್ಲಿಯ ಬೇರಿಂಗ್ ಸವೆದಿದೆ. ಕಿವಿಗೊಟ್ಟರೆ ಸದ್ದು ನಡುವಿನ ಸಣ್ಣ ಪುಲ್ಲಿಯಿಂದ ಬರುತ್ತಿತ್ತು. ಅಪ್ಪನ ಕಿವಿಯ ಬಳಿ ಬಾಯಿಟ್ಟು ಇಷ್ಟನ್ನೂ ಹೇಳಿದೆ. ಅವರು ತಲೆಯಾಡಿಸಿ ಒಳಗೆ ಹೋಗಿ ಅಂಗಿ ಬದಲಿಸಿ ಬಂದರು.

"ಬಜಗೋಳಿಗೆ ಹೋಗುವ" ಎಂದರು.

ಅಮ್ಮ ಒಳಗೆ ಪಾತ್ರೆ ಕುಕ್ಕಿದ ಸದ್ದು ನನಗೆ ಕೇಳಿಸಿತು, ಅಪ್ಪನಿಗೆ ಕೇಳಿಸಲಿಲ್ಲ. ದಾರಿಯಲ್ಲಿ ಮಟ್ಟುವಿಗೆ ಹೋಗಿ, ಗದ್ದೆಯಿಂದ ಆಗಷ್ಟೇ ಕೊಯ್ದ ಗುಳ್ಳಬದನೆ ಆರಿಸಿ ಚೀಲ ತುಂಬಿಸಿಕೊಂಡರು. ಒಂದೊಂದನ್ನೂ ತಿರುಗಿಸಿ ನೋಡಿದರು. ನಾನಿರುವ ಕಡಿಯಾಳಿಯ ಬಾಡಿಗೆಮನೆಗೆ ಅವರು ಯಾವತ್ತೂ ಬರಿಗೈಯಲ್ಲಿ ಬರುತ್ತಿದ್ದರು.

ಅತ್ತಿಗೆ ಅಂಗಳದಲ್ಲೇ ಇದ್ದಳು. ಇನ್ನೂ ಕಾರು ನಿಲ್ಲಿಸುವ ಮೊದಲೇ ತಲೆ ವಾಲಿಸಿ ಆಲಿಸುತ್ತಿದ್ದಳು. ನಾನು ಇಳಿದವಳೇ, ಅವಳು ಬಾಯಿ ತೆರೆಯುವ ಮೊದಲೇ, "ಬೆಲ್ಟ್ ಅಲ್ಲ ಅಪ್ಪ, ನಡುವಿನ ಸಣ್ಣ ಪುಲ್ಲಿಯ ಬೇರಿಂಗ್ ಹೋಗಿದೆ" ಎಂದು ಗಟ್ಟಿಯಾಗಿ ಹೇಳಿದೆ. ಅಪ್ಪ ನನ್ನನ್ನು ನೋಡಿದರು. ಮತ್ತೆ ಅವಳ ಕಡೆಗೆ ತಿರುಗಿದರು.

"ನೀನು ಎಂತ ಹೇಳ್ತಿ?"

ಅವಳು ಕೋಲು ಹಿಡಿದು ಒಂದೊಂದೇ ಪುಲ್ಲಿಗೆ ತಾಗಿಸಿ ಕೇಳಿದಳು. ನಾನು ಸೆರಗಿನ ತುದಿ ಹಿಂಡುತ್ತ ನಿಂತಿದ್ದೆ. ನನ್ನದು ತಪ್ಪಾಗಲಿ ಎಂದು ಒಂದು ಗಳಿಗೆ ಅನಿಸಿತು. ಆಗ ಕೋಪಕ್ಕಾದರೂ ಒಂದು ದಾರಿ ಇರುತ್ತಿತ್ತು.

"ಅವಳು ಹೇಳಿದ್ದು ಸರಿ ಉಂಟು ಮಾವ" ಎಂದಳು.

"ಹಾಗಾದರೆ ಸರಿ" ಎಂದರು ಅಪ್ಪ.

ಅಪ್ಪನನ್ನು ಅವಳ ತಾಯಿಯೊಡನೆ ಜಗಲಿಯಲ್ಲಿ ಕೂರಿಸಿ, ನಾವಿಬ್ಬರೂ ಅವಳ ವ್ಯಾನಿನಲ್ಲಿ ಬಿಡಿಭಾಗ ತರಲು ಕಾರ್ಕಳಕ್ಕೆ ಹೋದೆವು. ದಾರಿಯಲ್ಲಿ ಅವಳು ಕೇಳಿದಳು: "ನಿನಗೆ ಮನೆಯಲ್ಲೇ ಗೊತ್ತಾಗಿತ್ತಲ್ವಾ? ಮತ್ತೆ ಇಷ್ಟು ದೂರ ಯಾಕೆ ಬಂದದ್ದು ಮಾರಾಯ್ತಿ?"

"ನಾನು ಹೇಳಿದರೆ ಆಗುವುದಿಲ್ಲ. ಅಪ್ಪನಿಗೆ ನೀವು ಹೇಳಬೇಕು."

ಅವಳು ಗೇರು ಬದಲಿಸಿದಳು. ಮೆಲ್ಲಗೆ, "ನನಗೆ ಈಗ ಮಾವ ಅಂತ ಕರೆಯಲಿಕ್ಕೂ ಹಕ್ಕಿಲ್ಲ. ಕಾರು ಹಾಳಾಗಲಿ ಅಂತ ಕಾಯ್ತೇನೆ, ಗೊತ್ತುಂಟಾ?" ಎಂದಳು. ನನಗೆ ಕನಿಕರ ಹುಟ್ಟಬೇಕಾಗಿತ್ತು... ಹುಟ್ಟಲಿಲ್ಲ. ಹಕ್ಕಿಲ್ಲದೆಯೂ ಸಿಗುವುದು ಇವಳಿಗೆ, ಹಕ್ಕಿದ್ದೂ ಸಿಗದ್ದು ನನಗೆ ಎಂದಷ್ಟೇ ತೋಚಿತು.

ಹಿಂದಿರುಗಿ ಬಂದು ಕೆಲಸಕ್ಕೆ ತೊಡಗಿದೆವು. ಬೆಲ್ಟು ಯಾವ ಪುಲ್ಲಿಯ ಮೇಲೆ, ಯಾವುದರ ಅಡಿಯಲ್ಲಿ ಸುತ್ತಿದೆ ಎಂಬುದನ್ನು ಅವಳು ಸೀಮೆಸುಣ್ಣದಿಂದ ಸಿಮೆಂಟಿನ ಅಂಗಳದಲ್ಲೇ ಬರೆದಳು. ನಾನು ಟೆನ್ಶನರನ್ನು ಸ್ಪಾನರಿನಿಂದ ಎಳೆದು ಹಿಡಿದೆ, ಅವಳು ಬೆಲ್ಟನ್ನು ಜಾರಿಸಿ ತೆಗೆದಳು. ತೆಗೆದು ಮಡಚಿದಾಗ ಒಳಗಿನ ಗೆರೆಗಳೆಲ್ಲ ಬಿರುಕು ಬಿಟ್ಟದ್ದು ಕಂಡಿತು. ಅದನ್ನೂ ಬದಲಿಸಿದೆವು. ಸಣ್ಣ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿದರೆ ಒಳಗೆ ಮರಳು ಸಿಕ್ಕಿಕೊಂಡ ಹಾಗೆ ಕರಕರ ಎನ್ನುತ್ತಿತ್ತು. ಹೊಸದು ಮೌನವಾಗಿ ತಿರುಗಿತು. ಎಂಜಿನ್ ಚಾಲೂ ಮಾಡಿದಾಗ ಅಪ್ಪ ಎದ್ದು ಬಂದು ಬಾನೆಟ್ಟಿನ ಅಂಚಿಗೆ ಅಂಗೈ ಇಟ್ಟು ನಡುಕವನ್ನು ಆಲಿಸಿದರು. ಮುಖ ಅರಳಿತು. ಆಮೇಲೆ ನನ್ನ ಕಡೆ ನೋಡಿ, "ಛೆ, ನಿನ್ನ ಕೈಯೆಲ್ಲ ಕೊಳೆ ಆಯ್ತಲ್ಲ ಮಗಾ" ಎಂದರು. ಅವಳ ಕೈಗಳೂ ನನ್ನ ಕೈಗಳಷ್ಟೇ ಕಪ್ಪಾಗಿದ್ದವು. ಆ ಕೈಗಳ ಬಗ್ಗೆ ಅವರು ಏನೂ ಹೇಳಲಿಲ್ಲ.

ಆ ನಂತರವೂ ನಾನು ಅವರನ್ನು ಬಜಗೋಳಿಗೆ ಕರೆದೊಯ್ಯುತ್ತಿದ್ದೆ, ಕಾರಿಗೆ ಏನೂ ಆಗದಿದ್ದಾಗಲೂ. ಅಪ್ಪ ತೀರಿಹೋದ ದಿನ ಅವಳು ಕಾಪುವಿಗೆ ಬಂದಿದ್ದಳು. ಅಮ್ಮ ಒಳಗೆ ಕರೆಯಲಿಲ್ಲ. ಕಾರಿನ ಶೆಡ್ಡಿನಲ್ಲಿ ಬಾನೆಟ್ಟಿಗೆ ತಲೆಯಿಟ್ಟು ಅತ್ತಳು. ಬಂದವರ ಕಾಫಿ, ಕುರ್ಚಿ ನೋಡಿಕೊಳ್ಳುತ್ತಿದ್ದ ನನಗೆ ಅಷ್ಟು ಅಳಲು ಬಿಡುವಿರಲಿಲ್ಲ. ಅವಳ ಆ ಅಳುವಿನ ಮೇಲೂ ನನಗೆ ಅಸೂಯೆಯಾಯಿತು.

ಈ ಮಳೆಗಾಲದಲ್ಲಿ ಅತ್ತಿಗೆ ಜ್ವರದಿಂದ ತೀರಿಕೊಂಡಳು. ಸುದ್ದಿ ನನಗೆ ತಡವಾಗಿ ತಲುಪಿತ್ತು. ಹೋಗಬೇಕೋ ಬೇಡವೋ ಎಂದು ಇಷ್ಟು ದಿನ ತಳ್ಳಿದವಳು, ಮಣಿಪಾಲದ ಆ ಕಾರನ್ನು ಕಂಡ ಮರುದಿನ ಬೆಳಿಗ್ಗೆಯೇ ಹೊರಟೆ. ಮನೆಗೆ ಬೀಗ ಹಾಕಿತ್ತು. ಅವಳ ತಾಯಿಯನ್ನು ನೆಂಟರು ಕರೆದುಕೊಂಡು ಹೋಗಿದ್ದರಂತೆ. ಪಕ್ಕದ ಮನೆಯ ಹೆಂಗಸು ಬೇಲಿಯ ಹತ್ತಿರ ಬಂದು ನನ್ನನ್ನು ದಿಟ್ಟಿಸಿದರು.

"ನೀವು ಈ ಮನೆಯವರ ಅಪ್ಪನನ್ನು ಕಾರಲ್ಲಿ ಕರ್ಕೊಂಡು ಬರ್ತಿದ್ದವರಲ್ವಾ?"

"ಅವರು ನನ್ನ ಅಪ್ಪ" ಎಂದೆ. ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವಿರಲಿಲ್ಲ.

ಅವರು ಗಲಿಬಿಲಿಗೊಂಡರು. "ಹೌದಾ? ನಾವೆಲ್ಲ ಅವರ ಅಪ್ಪ ಅಂತಲೇ ಎಣಿಸಿದ್ದು. ಹಾಗಾದರೆ ತೀರಿಹೋದವರು ನಿಮಗೆ ಎಂತ ಆಗಬೇಕು?"

ಕಾಗದದ ಪ್ರಕಾರ ಅವಳು ನನಗೆ ಏನೂ ಆಗಬೇಕಾಗಿರಲಿಲ್ಲ. ಬೀಗ ಹಾಕಿದ ಬಾಗಿಲು, ಖಾಲಿ ಅಂಗಳ ಕಣ್ಣ ಮುಂದಿತ್ತು. ಅಪ್ಪ ಹೇಳಿದ ಕಡಲಿನ ಕಥೆಗಳಲ್ಲಿ ನಾನು ಕೇಳದೆ ಉಳಿದವು ಎಷ್ಟಿದ್ದವೋ... ಅವೆಲ್ಲ ಅವಳ ಜೊತೆಗೇ ಹೋದವು. ಇನ್ನು ಯಾರನ್ನು ಕೇಳಲಿ?

"ಅತ್ತಿಗೆ" ಎಂದೆ. ಆ ಹೆಂಗಸಿಗೆ ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಹೇಳಬೇಕಾಯಿತು.